ನದಿ ದಾಟುವ ಹಿಂಡಿಗೆ ಮುಹೂರ್ತವಿಲ್ಲ

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಶಿಕ್ಷಕಿ, ನಮ್ಮ ಯಜಮಾನರು ಬ್ಯಾಂಕಿನಲ್ಲಿದ್ದಾರೆ. ಮಗಳಿಗೆ ಹನ್ನೆರಡು ವರ್ಷ. ಜೊತೆಗೆ ಬರುವ ಅತ್ತೆಯವರಿಗೆ ಅರವತ್ತಾರು. ಆಫ್ರಿಕಾದಲ್ಲಿ ವೈಲ್ಡ್‌ಬೀಸ್ಟ್ ಎಂಬ ದನದಂಥ ಹುಲ್ಲೆಗಳು ನದಿ ದಾಟುವುದನ್ನು ಟಿ.ವಿ.ಯಲ್ಲಿ ನೋಡಿ ನೋಡಿ, ಒಮ್ಮೆ ಕಣ್ಣಾರೆ ಕಾಣಬೇಕೆಂದು ನಾಲ್ಕು ವರ್ಷದಿಂದ ದುಡ್ಡು ಕೂಡಿಡುತ್ತಿದ್ದೇವೆ. ನಮಗೆ ಸಿಗುವುದು ದಸರಾ ರಜೆ, ಇಲ್ಲವಾದರೆ ಬೇಸಿಗೆ ರಜೆ. ಟ್ರಾವೆಲ್ ಏಜೆಂಟರೊಬ್ಬರು ಏಳು ರಾತ್ರಿಯಲ್ಲಿ ಕೀನ್ಯಾ, ಟಾಂಜಾನಿಯಾ ಎರಡನ್ನೂ ತೋರಿಸುತ್ತೇವೆ, ನದಿ ದಾಟುವುದು ‘ಗ್ಯಾರಂಟಿ’ ಎನ್ನುತ್ತಿದ್ದಾರೆ. ನಂಬಬಹುದೇ? ಯಾವ ದೇಶ, ಯಾವ ತಿಂಗಳು ಒಳ್ಳೆಯದು? ನಾವು ಸಸ್ಯಾಹಾರಿಗಳು, ಊಟಕ್ಕೆ ತೊಂದರೆ ಆಗುತ್ತದೆಯೇ?

ಉತ್ತರ: ಊಟಕ್ಕೆ ತೊಂದರೆ ಆಗುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ‘ಗ್ಯಾರಂಟಿ’ ಎಂದವರಿಗೆ ಮಾತ್ರ ಇನ್ನೂ ಮುಂಗಡ ಕೊಡಬೇಡಿ. ಇನ್ನು ಹತ್ತು ನಿಮಿಷದಲ್ಲಿ ತಾನೇನು ಮಾಡುತ್ತೇನೆ ಎಂಬುದು ದಡದ ಮೇಲೆ ನಿಂತ ವೈಲ್ಡ್‌ಬೀಸ್ಟ್‌ಗೇ ಗೊತ್ತಿರುವುದಿಲ್ಲ, ಏಜೆಂಟರಿಗೆ ಹೇಗೆ ಗೊತ್ತಾಗಬೇಕು?

ಟಾಂಜಾನಿಯಾದ ಉತ್ತರ ಸೆರೆಂಗೆಟಿಯ ಕೊಗಟೆಂಡೆಯಲ್ಲಿ ಒಮ್ಮೆ ಆರು ಮಂದಿಯನ್ನು ಕರೆದುಕೊಂಡು ಬೆಳಿಗ್ಗೆ ಎಂಟೂವರೆಗೆ ಮಾರಾ ನದಿಯ ದಡದಲ್ಲಿ ಕೂತೆ. ಎದುರು ದಡದಲ್ಲಿ ಸಾವಿರಾರು ಪ್ರಾಣಿ. ಮುಂದಿನ ಸಾಲು ಅಂಚಿಗೆ ಬರುವುದು, ಬಗ್ಗಿ ನೀರು ಮೂಸುವುದು, ಎಲ್ಲೋ ಒಂದು ಜೀಬ್ರಾ ಕೂಗಿದ್ದಕ್ಕೆ ಬೆದರಿ ಧೂಳೆಬ್ಬಿಸಿಕೊಂಡು ಹಿಂದಕ್ಕೆ ಓಡುವುದು. ಮಧ್ಯಾಹ್ನ ಎರಡರವರೆಗೂ ಇದೇ ಆಟ. ಆಮೇಲೆ ಇಡೀ ಹಿಂಡು ನಮಗೆ ಬೆನ್ನು ತಿರುಗಿಸಿ ಮೇಯುತ್ತ ಹೊರಟುಹೋಯಿತು. ಮರುದಿನ ನಾವು ಹತ್ತು ಕಿಲೋಮೀಟರ್ ಆಚೆ ಒಂದು ಚಿರತೆಗಾಗಿ ಕಾಯುತ್ತಿದ್ದಾಗ ಅದೇ ಜಾಗದಲ್ಲಿ ಇಪ್ಪತ್ತು ನಿಮಿಷದಲ್ಲಿ ದಾಟಿ ಮುಗಿಸಿದ್ದವು. ರೇಡಿಯೋದಲ್ಲಿ ಸುದ್ದಿ ಕೇಳಿದ ನಮ್ಮ ಗೈಡ್ ಹಣೆ ಚಚ್ಚಿಕೊಂಡ. ನಾಲ್ಕನೆಯ ದಿನ ಸಿಕ್ಕಿತು. ನಾಲ್ಕು ದಿನ ಅಲ್ಲೇ ಇದ್ದೆವು, ಅದಕ್ಕೆ ಸಿಕ್ಕಿತು. ನಿಮ್ಮ ಪ್ರವಾಸಕ್ಕೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಊರು ಕಡಿಮೆ ಮಾಡಿ, ಒಂದೇ ಕಡೆ ರಾತ್ರಿ ಹೆಚ್ಚು ಮಾಡಿ.

ಇಂಟರ್ನೆಟ್ಟಿನಲ್ಲಿ ಸಿಗುವ ತಿಂಗಳವಾರು ವಲಸೆ ನಕ್ಷೆಗಳು ನಮ್ಮ ಪಂಚಾಂಗದ ಮಳೆ ನಕ್ಷತ್ರಗಳ ಹಾಗೆ. ಆರಿದ್ರಾ ಮಳೆ ಯಾವ ದಿನ ಹುಟ್ಟುತ್ತದೆಂದು ಪಂಚಾಂಗ ಹೇಳುತ್ತದೆ. ಹೊಲಕ್ಕೆ ಬೀಳುತ್ತದೋ ಇಲ್ಲವೋ ಎಂಬುದನ್ನು ಮೋಡ ಹೇಳಬೇಕು. ಈ ಹಿಂಡುಗಳೂ ಮೋಡ ನೋಡಿ ನಡೆಯುವಂಥವು.

ಯಾಕೆ ನಡೆಯುತ್ತವೆ ಎಂಬುದು ತಿಳಿದರೆ ತಿಂಗಳು ಆರಿಸುವುದು ಸುಲಭ, ಅದಕ್ಕಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ 14,763 ಚದರ ಕಿ.ಮೀ. ಅದಕ್ಕೆ ಉತ್ತರದಲ್ಲಿ ಅಂಟಿಕೊಂಡಿರುವ ಕೀನ್ಯಾದ ಮಸಾಯಿ ಮಾರಾ ಅದರ ಹತ್ತರಲ್ಲೊಂದು ಪಾಲು ಮಾತ್ರ, ಸುಮಾರು 1,500 ಚದರ ಕಿ.ಮೀ. ಹೆಸರು ಎರಡಾದರೂ ಬಯಲು ಒಂದೇ. ಈ ಬಯಲಿನ ತೆಂಕಣ ಭಾಗದ ಮಣ್ಣು ಜ್ವಾಲಾಮುಖಿಗಳ ಬೂದಿ. ಕೆರಿಮಾಸಿ, ಇಂದಿಗೂ ಜೀವಂತವಾಗಿರುವ ಓಲ್ ಡೊಯಿನ್ಯೊ ಲೆಂಗಾಯ್, ಇವೆಲ್ಲ ಉಗುಳಿದ ಬೂದಿ ನೆಲದಡಿ ಗಾರೆಯಂತೆ ಗಟ್ಟಿಯಾಗಿದೆ. ಮರದ ಬೇರು ಇಳಿಯುವುದಿಲ್ಲ, ಗಿಡ್ಡ ಹುಲ್ಲು ಮಾತ್ರ ಬೆಳೆಯುತ್ತದೆ. ಆ ಗಿಡ್ಡ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಹೇರಳ. ಹಾಲೂಡುವ ತಾಯಿಗೆ ಅದಕ್ಕಿಂತ ಒಳ್ಳೆಯ ಮೇವಿಲ್ಲ. ಆದರೆ ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 500 ಮಿ.ಮೀ. ಮಳೆ, ನಮ್ಮ ಚಳ್ಳಕೆರೆ ಸೀಮೆಯ ಲೆಕ್ಕ. ಮಳೆ ನಿಂತರೆ ಕುಡಿಯಲು ಹನಿ ನೀರಿಲ್ಲ. ಬಡಗಣದ ಮಾರಾ ಕಡೆ ಅದರ ಎರಡರಷ್ಟು ಮಳೆ, ಬತ್ತದ ನದಿ, ಎದೆಯೆತ್ತರದ ಹುಲ್ಲು. ಆ ಹುಲ್ಲಿನಲ್ಲಿ ಸತ್ವ ಕಡಿಮೆ. ಸತ್ವ ತೆಂಕಣಕ್ಕೆ, ನೀರು ಬಡಗಣಕ್ಕೆ; ಎರಡರ ನಡುವೆ ಓಡಾಟ. ಗದ್ದೆ ಕೊಯ್ಲಾದ ಮೇಲೆ ಕುರಿಗಾರರು ಮಂದೆ ಹೊಡೆದುಕೊಂಡು ಬಯಲುಸೀಮೆಯಿಂದ ನಿಮ್ಮ ಕಡೆಗೆ ಬರುತ್ತಾರಲ್ಲ, ಅದೇ ಲೆಕ್ಕಾಚಾರ. ವ್ಯತ್ಯಾಸ ಇಷ್ಟೇ, ಇಲ್ಲಿ ಕುರಿಗಾರ ಇಲ್ಲ.

ಓಡಾಟದ ದಿಕ್ಕು ಪ್ರದಕ್ಷಿಣೆಯದು. ದಕ್ಷಿಣದಿಂದ ವಾಯವ್ಯಕ್ಕೆ, ಅಲ್ಲಿಂದ ಉತ್ತರಕ್ಕೆ, ಪೂರ್ವದ ಅಂಚಿನಲ್ಲಿ ಇಳಿದು ಮತ್ತೆ ದಕ್ಷಿಣಕ್ಕೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ದಕ್ಷಿಣದ ಎನ್‌ಡುಟು ಸುತ್ತಿನ ಗಿಡ್ಡ ಹುಲ್ಲಿನ ಬಯಲಲ್ಲಿ ಕರು ಹಾಕುತ್ತವೆ. ನನ್ನನ್ನು ಕೇಳಿದರೆ ಇಡೀ ವರ್ಷದ ಶ್ರೇಷ್ಠ ನೋಟ ಇದು, ನದಿ ಅಲ್ಲ. ಹೆಚ್ಚಿನ ಕರುಗಳು ಎರಡು ಮೂರು ವಾರದ ಒಳಗೇ ಹುಟ್ಟಿಬಿಡುತ್ತವೆ. ಸಿಂಹ, ಕತ್ತೆಕಿರುಬ ಎಷ್ಟು ತಿಂದರೂ ಹೊಟ್ಟೆಗೊಂದು ಮಿತಿ ಇದೆ. ಎಲ್ಲ ಒಟ್ಟಿಗೆ ಹುಟ್ಟಿದರೆ ಉಳಿಯುವ ಪಾಲು ದೊಡ್ಡದು. ಬಿದ್ದ ಕರು ಕೆಲವೇ ನಿಮಿಷದಲ್ಲಿ ನಾಲ್ಕು ಕಾಲ ಮೇಲೆ ನಿಲ್ಲುತ್ತದೆ, ಮತ್ತೆ ಸ್ವಲ್ಪ ಹೊತ್ತಿಗೆ ತಾಯಿಯ ಪಕ್ಕದಲ್ಲಿ ಓಡುತ್ತದೆ. ಆ ಮೊದಲ ನಿಮಿಷಗಳನ್ನು ನೋಡುತ್ತಾ ಉಸಿರು ಬಿಗಿಹಿಡಿದ ಅನುಭವ ನನಗೆ ಯಾವ ನದಿ ದಡದಲ್ಲೂ ಆಗಿಲ್ಲ. ಆದರೆ ಫೆಬ್ರವರಿಯಲ್ಲಿ ನಿಮಗೆ ಎಸ್ಸೆಸ್ಸೆಲ್ಸಿ ತಯಾರಿ, ಮಗಳಿಗೆ ಶಾಲೆ. ನಿವೃತ್ತಿಯಾದ ಮೇಲೆ ನೋಡಿಕೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ದೊಡ್ಡ ಮಳೆ, ಸ್ವಾಹಿಲಿಯಲ್ಲಿ ‘ಮಸಿಕಾ’. ಹಿಂಡು ಮೊರು ಬಂಡೆಗಳ ದಾರಿಯಾಗಿ ಉದ್ಯಾನದ ನಡುವಿನ ಸೆರೊನೆರಾ ಕಡೆಗೆ ಹೊರಟಿರುತ್ತದೆ. ಮೇ ಕೊನೆಯಿಂದ ಬೆದೆಯ ಕಾಲ, ಗಂಡುಗಳ ಗೊರಗೊರ ಸದ್ದು ರಾತ್ರಿಯೆಲ್ಲ ಟೆಂಟಿಗೆ ಕೇಳುತ್ತದೆ. ಜೂನ್ ಆಸುಪಾಸಿನಲ್ಲಿ ಪಶ್ಚಿಮದ ಗ್ರುಮೆಟಿ ನದಿ. ಜುಲೈನಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಎರಡೂ ಕಡೆ. ನವೆಂಬರಿನ ಸಣ್ಣ ಮಳೆ ದಕ್ಷಿಣದಲ್ಲಿ ಬಿದ್ದ ಸುದ್ದಿ ಮುಟ್ಟಿತೆಂದರೆ ಪೂರ್ವದ ಅಂಚಿನ ಲೋಬೋ, ಲೋಲಿಯೊಂಡೊ ಮೇಲಿಂದ ವಾಪಸ್.

ಈಗ ನಿಮ್ಮ ರಜೆಗೆ ಬರೋಣ. ಬೇಸಿಗೆ ರಜೆಯಲ್ಲಿ ನದಿ ದಾಟುವುದು ಸಿಗುವುದಿಲ್ಲ, ಆ ಆಸೆ ಬಿಡಿ. ಅಲ್ಲಿ ಬಹಳ ಕಡೆ ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನಂಥದೇ ಕಪ್ಪು ಮಣ್ಣು. ಮಳೆ ಬಿದ್ದರೆ ಲ್ಯಾಂಡ್ ಕ್ರೂಸರೂ ಅಚ್ಚಿನವರೆಗೆ ಹೂತುಕೊಳ್ಳುತ್ತದೆ. ಕೆಲವು ಕ್ಯಾಂಪ್‌ಗಳು ಆ ಎರಡು ತಿಂಗಳು ಬಾಗಿಲು ಹಾಕುತ್ತವೆ. ತೆರೆದಿರುವಲ್ಲಿ ದರ ಇಳಿದಿರುತ್ತದೆ, ಜನ ಇರುವುದಿಲ್ಲ, ಬಯಲು ಹಸಿರು. ಒಬ್ಬನೇ ಹೋಗುವುದಾದರೆ ನಾನು ಆಗಲೇ ಹೋಗುತ್ತೇನೆ. ಅತ್ತೆಯವರನ್ನು ಕರೆದುಕೊಂಡು ಹೋಗುವ ನಿಮಗೆ ಹೇಳಲಾರೆ.

ದಸರಾ ರಜೆ ಸರಿ. ಅದರಲ್ಲೊಂದು ಸಣ್ಣ ತೊಡಕಿದೆ, ಏಜೆಂಟರು ಯೋಚಿಸಿರಲಾರರು. ದಸರೆ ಚಾಂದ್ರಮಾನದ ಹಬ್ಬ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಬಂದು ಅದು ಅಕ್ಟೋಬರ್ ಮೂರನೇ ವಾರಕ್ಕೆ ಸರಿಯುತ್ತದೆ. ಈ ಮೂರು ವಾರ ನಮಗೆ ಏನೂ ಅಲ್ಲ, ಹಿಂಡಿಗೆ ಬಹಳ. ಸೆಪ್ಟೆಂಬರ್ ಕೊನೆಯಲ್ಲಿ ಮಾರಾ ಬಯಲಿನ ತುಂಬ ಹಿಂಡು ಇರುವ ಸಂಭವ ಹೆಚ್ಚು. ಅಕ್ಟೋಬರ್ ಕೊನೆಯ ಹೊತ್ತಿಗೆ ಮೊದಲ ಗುಡುಗು ಕೇಳಿ ಅರ್ಧ ಹಿಂಡು ದಕ್ಷಿಣಕ್ಕೆ ಮುಖ ಮಾಡಿರಬಹುದು. ಆದ್ದರಿಂದ ನೀವು ಹೋಗುವ ವರ್ಷದ ಕ್ಯಾಲೆಂಡರ್ ಮೊದಲು ತೆಗೆಯಿರಿ. ರಜೆ ಸೆಪ್ಟೆಂಬರಿನಲ್ಲೇ ಶುರುವಾದರೆ ಕೀನ್ಯಾದ ಮಾರಾಕ್ಕೆ ಧೈರ್ಯವಾಗಿ ಹೋಗಿ. ಅಕ್ಟೋಬರ್ ನಡುವಿನ ಆಚೆ ಹೋದರೆ ಟಾಂಜಾನಿಯಾ ಕಡೆಯ ಕೊಗಟೆಂಡೆ ಮೇಲು. ಹಿಂಡು ನದಿಯ ಬಳಿ ಇದ್ದರೆ ಅಲ್ಲೇ ಸಿಗುತ್ತದೆ, ಹೊರಟಿದ್ದರೆ ಲೋಬೋ ದಾರಿಯಲ್ಲಿ ಸಿಗುತ್ತದೆ. ಮಾರಾ ನದಿ ಕೀನ್ಯಾದ್ದು ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಅದು ಮಾವು ಬೆಟ್ಟದ ಕಾಡಿನಲ್ಲಿ ಹುಟ್ಟಿ ಉತ್ತರ ಸೆರೆಂಗೆಟಿಯನ್ನು ಸೀಳಿಕೊಂಡೇ ವಿಕ್ಟೋರಿಯಾ ಸರೋವರ ಸೇರುತ್ತದೆ. (ಮಾವು ಎಂದರೆ ಆ ಬೆಟ್ಟದ ಹೆಸರು, ನಮ್ಮ ಹಣ್ಣಲ್ಲ.)

ಏಜೆಂಟರು ನಿಮಗೆ ಕೊಟ್ಟ ಏಳು ರಾತ್ರಿಯ ಕಾರ್ಯಕ್ರಮ ನೋಡಿದೆ: ನೈರೋಬಿ ಒಂದು, ಅಂಬೊಸೆಲಿ ಒಂದು, ನಕುರು ಒಂದು, ಮಾರಾ ಎರಡು, ಸೆರೆಂಗೆಟಿ ಒಂದು, ಎನ್‌ಗೊರೊಂಗೊರೊ ಒಂದು. ಇದು ಸಫಾರಿ ಅಲ್ಲ, ಬಸ್ ಪ್ರಯಾಣ. ನಕ್ಷೆಯಲ್ಲಿ ಮಾರಾಗೂ ಸೆರೆಂಗೆಟಿಗೂ ಒಂದು ಗೆರೆ ಮಾತ್ರ ಅಡ್ಡ ಇದ್ದರೂ ಪ್ರವಾಸಿಗರು ಆ ಗೆರೆಯ ಮೇಲೆ ದಾಟುವಂತಿಲ್ಲ. ಪಶ್ಚಿಮಕ್ಕೆ ಸುತ್ತಿ ಇಸೆಬಾನಿಯಾ ಗಡಿಯಲ್ಲಿ ಇಳಿದು, ಮೊಹರು ಹಾಕಿಸಿ, ವಾಹನ ಬದಲಿಸಿ ಮತ್ತೆ ಒಳಗೆ ಬರಬೇಕು. ಒಂದಿಡೀ ದಿನ ಹೋಯಿತು. ವೀಸಾ ಕೂಡ ಬೇರೆ ಬೇರೆ: ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಆನ್‌ಲೈನ್ ಪ್ರಯಾಣ ಅನುಮತಿ ಇಟ್ಟಿದೆ, ಟಾಂಜಾನಿಯಾಕ್ಕೆ ಇ-ವೀಸಾ ಮಾಡಿಸಬೇಕು. ‘ಈಸ್ಟ್ ಆಫ್ರಿಕಾ ವೀಸಾ’ ಎಂಬುದೊಂದಿದೆ, ಅದರಲ್ಲಿ ಕೀನ್ಯಾ, ಉಗಾಂಡ, ರುವಾಂಡ ಇವೆ, ಟಾಂಜಾನಿಯಾ ಇಲ್ಲ. ಇದನ್ನು ತಿಳಿಯದೆ ಗಡಿಯಲ್ಲಿ ಪೆಚ್ಚಾಗಿ ನಿಂತ ಬೆಂಗಳೂರಿನ ಕುಟುಂಬವೊಂದನ್ನು ನಾನೇ ನೋಡಿದ್ದೇನೆ.

ರಜೆ ಸೆಪ್ಟೆಂಬರಿನಲ್ಲೇ ಶುರುವಾದರೆ ನಿಮಗೆ ನಾನು ಹೇಳುವ ದಾರಿ: ಒಂದೇ ದೇಶ, ಕೀನ್ಯಾ. ಮುಂಬೈಯಿಂದ ನೈರೋಬಿಗೆ ನೇರ ವಿಮಾನವಿದೆ, ಆರು ಗಂಟೆ ಚಿಲ್ಲರೆ. ನೈರೋಬಿಯಲ್ಲಿ ಒಂದು ರಾತ್ರಿ, ಮಾರಾದಲ್ಲಿ ನಾಲ್ಕು, ವಾಪಸು ಬರುವಾಗ ನೈವಾಶಾ ಸರೋವರದ ಪಕ್ಕ ಒಂದು, ಕೊನೆಯದು ಮತ್ತೆ ನೈರೋಬಿ. ನೈರೋಬಿಯಿಂದ ಮಾರಾಗೆ ನಾರೋಕ್ ಮೇಲೆ ಐದಾರು ಗಂಟೆ ರಸ್ತೆ. ಕೊನೆಯ ಹಂತ ಬೆನ್ನಿಗೆ ಪರೀಕ್ಷೆ. ಅತ್ತೆಯವರಿಗೆ ಸೊಂಟನೋವಿದ್ದರೆ ವಿಲ್ಸನ್ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನ ಹಿಡಿಯಿರಿ, ಮುಕ್ಕಾಲು ಗಂಟೆಯಲ್ಲಿ ಹುಲ್ಲಿನ ಮೇಲೆ ಇಳಿಸುತ್ತದೆ. ಅದರಲ್ಲಿ ತಲೆಗೆ ಹದಿನೈದು ಕೆ.ಜಿ., ಅದೂ ಮೆತ್ತಗಿನ ಬ್ಯಾಗಿನಲ್ಲಿ. ಚಕ್ರದ ಗಟ್ಟಿ ಸೂಟ್‌ಕೇಸ್ ನೈರೋಬಿಯಲ್ಲೇ ಬಿಡಬೇಕಾಗುತ್ತದೆ.

ಏಜೆಂಟರನ್ನು ಹೋಟೆಲಿನ ನಕ್ಷತ್ರ ಎಷ್ಟೆಂದು ಕೇಳಬೇಡಿ. ಕ್ಯಾಂಪ್ ನದಿಯ ಯಾವ ದಡದಲ್ಲಿದೆ, ನದಿಗೆ ಎಷ್ಟು ದೂರ, ಗಾಡಿ ನಮಗೊಬ್ಬರಿಗೇನಾ ಅಥವಾ ಹಂಚಿಕೆಯಾ ಎಂದು ಕೇಳಿ. ಗೇಟಿನ ಹೊರಗಿನ ಅಗ್ಗದ ಕ್ಯಾಂಪಿನಿಂದ ದಿನಾ ನದಿಗೆ ಹೋಗಿ ಬರುವುದರಲ್ಲೇ ಒಳ್ಳೆಯ ಹೊತ್ತು ಕಳೆಯುತ್ತದೆ. ಗಾಡಿ ನಿಮ್ಮದೇ ಇರಲಿ. ಹಂಚಿಕೆಯ ಗಾಡಿಯಲ್ಲಿ ನಾಲ್ಕು ಗಂಟೆ ಕಾದ ಮೇಲೆ ಯಾರೋ ಒಬ್ಬರಿಗೆ ಬೇಸರ ಬರುತ್ತದೆ, ಅವರು ಗೊಣಗಿದ ಹದಿನೈದನೇ ನಿಮಿಷಕ್ಕೆ ಹಿಂಡು ನೀರಿಗೆ ಬೀಳುತ್ತದೆ.

ದುಡ್ಡಿನ ವಿಷಯಕ್ಕೆ ಒಂದೇ ಎಚ್ಚರಿಕೆ: ಪ್ರವೇಶ ಶುಲ್ಕ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ. ನಾನು ಇದನ್ನು ಬರೆಯುವ ಹೊತ್ತಿಗೆ ಮಾರಾದಲ್ಲಿ ಜುಲೈನಿಂದ ಡಿಸೆಂಬರ್‌ವರೆಗೆ ಹೊರದೇಶದ ವಯಸ್ಕರಿಗೆ ದಿನಕ್ಕೆ 200 ಡಾಲರ್, ವರ್ಷದ ಮೊದಲ ಅರ್ಧದಲ್ಲಿ ಅದರ ಅರ್ಧ. ನಿಮ್ಮ ಮಗಳ ವಯಸ್ಸಿಗೆ 50. ನಾಲ್ಕು ದಿನ, ಮೂರು ದೊಡ್ಡವರು ಎಂದರೆ 2,400 ಡಾಲರ್ ಗೇಟಿನಲ್ಲೇ ಹೋಯಿತು. ಸೆರೆಂಗೆಟಿಯದು ತೆರಿಗೆ ಸೇರಿ ದಿನಕ್ಕೆ 83ರ ಹತ್ತಿರ, ಒಳಗೆ ಉಳಿದುಕೊಂಡರೆ ರಾತ್ರಿಯ ಶುಲ್ಕ ಬೇರೆ. ಬಿಸಿಗಾಳಿ ಬಲೂನ್ ಬೇಡ ಎನ್ನುತ್ತೇನೆ. ಆ ದುಡ್ಡಿನಲ್ಲಿ ಇನ್ನೊಂದು ದಿನ ನೆಲದ ಮೇಲೆ ಕಳೆಯಬಹುದು.

ಟಿಕೆಟ್ ತೆಗೆಯುವ ಮುಂಚೆ ಮಾಡಬೇಕಾದ ಕೆಲಸ ಇನ್ನೊಂದಿದೆ: ಹಳದಿ ಜ್ವರದ ಲಸಿಕೆ. ಕೀನ್ಯಾದಿಂದ ಮರಳುವವರ ಬಳಿ ಆ ಕಾರ್ಡ್ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡಿಗೆ ಬೆಲೆ ಬರುತ್ತದೆ, ಆಮೇಲೆ ಜೀವಮಾನಕ್ಕೆ ಸಾಕು. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಿ ಮಾತ್ರ. ಅರವತ್ತು ದಾಟಿದವರಿಗೆ ಈ ಲಸಿಕೆಯನ್ನು ಯೋಚಿಸಿ ಕೊಡುತ್ತಾರೆ, ಮೊಟ್ಟೆಯ ಅಲರ್ಜಿ ಇದ್ದವರಿಗೂ ಅಷ್ಟೇ. ಅತ್ತೆಯವರನ್ನು ಅವರ ವೈದ್ಯರಲ್ಲಿಗೆ ಮೊದಲು ಕರೆದುಕೊಂಡು ಹೋಗಿ, ಆಮೇಲೆ ಮುಂಗಡ. ಮಲೇರಿಯಾ ಮಾತ್ರೆಯ ಮಾತೂ ಅಲ್ಲೇ ಮುಗಿಸಿಕೊಳ್ಳಿ.

ಊಟ. ಪೂರ್ವ ಆಫ್ರಿಕಾದಲ್ಲಿ ಗುಜರಾತಿಗಳು ನೆಲೆಸಿ ನೂರು ವರ್ಷದ ಮೇಲಾಯಿತು. ಚಪಾತಿ, ಚಾಯ್ ಅಲ್ಲಿ ಸ್ವಾಹಿಲಿ ಪದಗಳೇ ಆಗಿಹೋಗಿವೆ. ಮುಂಚೆ ತಿಳಿಸಿದರೆ ಬೇಳೆ, ಅನ್ನ, ಪಲ್ಯ ಮಾಡಿಕೊಡುತ್ತಾರೆ. ಮೆಕ್ಕೆಜೋಳದ ಹಿಟ್ಟಿನ ‘ಉಗಾಲಿ’ ತಿಂದು ನೋಡಿ, ರಾಗಿ ಮುದ್ದೆ ಬಲ್ಲವರಿಗೆ ಪರಿಚಯ ಬೇಕಿಲ್ಲ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುವುದಾದರೆ ಡಬ್ಬಿಯಲ್ಲಿ ಒಯ್ಯಿರಿ. ಕೀನ್ಯಾ 2017ರಿಂದ, ಟಾಂಜಾನಿಯಾ 2019ರಿಂದ ಪ್ಲಾಸ್ಟಿಕ್ ಕವರ್ ನಿಷೇಧಿಸಿವೆ. ಬೆಳಗಿನ ಚಳಿಗೆ ಸ್ವೆಟರ್ ಬೇಕೇ ಬೇಕು, ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗಿಂತ ಮೇಲಿದೆ. ಕಡುನೀಲಿ, ಕಪ್ಪು ಬಟ್ಟೆ ಬೇಡ, ಟ್ಸೆಟ್ಸೆ ನೊಣಕ್ಕೆ ಆ ಬಣ್ಣ ಬಹಳ ಇಷ್ಟ. ಅದು ಕಚ್ಚಿದರೆ ನಮ್ಮ ಉಣುಗು ಎಷ್ಟೋ ವಾಸಿ ಎನಿಸುತ್ತದೆ.

ನದಿಯ ಬಗ್ಗೆ ಮಗಳಿಗೆ ಮೊದಲೇ ಸ್ವಲ್ಪ ಹೇಳಿ ಕರೆದುಕೊಂಡು ಹೋಗಿ. ಟಿ.ವಿ.ಯಲ್ಲಿ ಮೊಸಳೆಯನ್ನೇ ತೋರಿಸುತ್ತಾರೆ. ನಿಜಕ್ಕೂ ಹೆಚ್ಚು ಸಾಯುವುದು ನೂಕುನುಗ್ಗಲಿಗೆ, ಏರಲಾಗದ ಕಡಿದಾದ ದಡಕ್ಕೆ, ಮಳೆ ಬಂದು ಏರಿದ ನೀರಿಗೆ. ವರ್ಷಕ್ಕೆ ಸರಾಸರಿ 6,250 ಪ್ರಾಣಿ ಈ ನದಿಯಲ್ಲಿ ಮುಳುಗುತ್ತವೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು, ತೂಕದಲ್ಲಿ 1,100 ಟನ್. ರಣಹದ್ದು, ಮರಾಬೂ ಕೊಕ್ಕರೆ, ಮೀನು ಎಲ್ಲವೂ ಅದನ್ನೇ ಉಣ್ಣುತ್ತವೆ. ಮೂಳೆ ಕರಗಲು ಏಳು ವರ್ಷ ಬೇಕು, ಅಷ್ಟೂ ಕಾಲ ಅದರ ಸಾರ ನೀರಿಗೆ ಇಳಿಯುತ್ತಿರುತ್ತದೆ. ದಾಟಿದ ಮರುದಿನ ನದಿ ನಾರುತ್ತದೆ. ಆ ವಾಸನೆ ಯಾವ ಕ್ಯಾಮೆರಾದಲ್ಲೂ ಬಂದಿಲ್ಲ.

ಅತ್ತೆಯವರಿಗೆ ಹೇಳಲು ಇನ್ನೊಂದು ಕಥೆ. ಹಳ್ಳಿಯಲ್ಲಿ ಬೆಳೆದವರಾದರೆ ‘ದೊಡ್ಡರೋಗ’ದ ಹೆಸರು ಕೇಳಿರುತ್ತಾರೆ, ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ ಮಾಡುತ್ತಿದ್ದ ದನಗಳ ಜಾಡ್ಯ. 1890ರ ದಶಕದಲ್ಲಿ ಅದೇ ರೋಗ ಪೂರ್ವ ಆಫ್ರಿಕಾಕ್ಕೆ ನುಗ್ಗಿ ಮಸಾಯಿಗಳ ದನ ಕೊಂದಿತು, ವೈಲ್ಡ್‌ಬೀಸ್ಟ್‌ಗಳನ್ನೂ ಕೊಂದಿತು. ಕೀನ್ಯಾದ ಮುಗುಗಾ ಪ್ರಯೋಗಾಲಯದಲ್ಲಿ ವಾಲ್ಟರ್ ಪ್ಲೋರೈಟ್ ತಯಾರಿಸಿದ ಲಸಿಕೆ ಆಮೇಲೆ ಭಾರತದ ದನಗಳನ್ನೂ ಉಳಿಸಿತು. ಸೆರೆಂಗೆಟಿಯ ಸುತ್ತಲಿನ ದನಗಳಿಗೆ ಲಸಿಕೆ ಹಾಕಿ ರೋಗ ನಿಂತ ಮೇಲೆ, 1961ರಲ್ಲಿ ಎರಡೂವರೆ ಲಕ್ಷದ ಆಸುಪಾಸಿದ್ದ ವೈಲ್ಡ್‌ಬೀಸ್ಟ್ 1977ರ ಹೊತ್ತಿಗೆ ಹದಿಮೂರು ಲಕ್ಷ ದಾಟಿತು. 2011ರಲ್ಲಿ ಆ ರೋಗ ಭೂಮಿಯಿಂದಲೇ ಹೋಯಿತೆಂದು ಘೋಷಿಸಿದರು. ಅನಾದಿ ಕಾಲದ ನೋಟ ಎಂದು ಪ್ರವಾಸೋದ್ಯಮದವರು ಮಾರುವ ಈ ಹಿಂಡು ಇಷ್ಟು ದೊಡ್ಡದಾದದ್ದು ಅತ್ತೆಯವರ ಜೀವಮಾನದಲ್ಲಿ, ಹಸುಗಳಿಗೆ ಹಾಕಿದ ಚುಚ್ಚುಮದ್ದಿನಿಂದ. ಈಗ ಉಪಗ್ರಹ ಚಿತ್ರಗಳಲ್ಲಿ ಕಂಪ್ಯೂಟರ್ ಎಣಿಸಿದಾಗ ಆರು ಲಕ್ಷದ ಒಳಗೇ ಸಿಕ್ಕಿದೆ ಎಂದು 2025ರಲ್ಲಿ ಸಂಶೋಧಕರು ಬರೆದ ಮೇಲೆ ಹದಿಮೂರು ಲಕ್ಷದ ಹಳೆಯ ಲೆಕ್ಕದ ಬಗ್ಗೆಯೂ ವಾದ ನಡೆದಿದೆ.

ದಡದಲ್ಲಿ ನಡೆದುಕೊಳ್ಳುವ ರೀತಿ ಬಗ್ಗೆ ಒಂದು ಮಾತು. 2025ರ ಜುಲೈನಲ್ಲಿ ಕೊಗಟೆಂಡೆಯಲ್ಲಿ ಪ್ರವಾಸಿಗರು ಗಾಡಿಯಿಂದ ಇಳಿದು ದಡಕ್ಕೇ ಹೋಗಿ ನಿಂತು ಹಿಂಡಿಗೆ ಅಡ್ಡವಾದ ವಿಡಿಯೊ ಎಲ್ಲೆಡೆ ಹರಿದಾಡಿತು. ಗೈಡ್‌ಗಳು ಹಾಗೆ ಇಳಿಯಲು ಬಿಡುವುದು ಬಹುಪಾಲು ನಮ್ಮ ಒತ್ತಾಯಕ್ಕೆ. ಮೊದಲ ದಿನವೇ ನಿಮ್ಮ ಗೈಡ್‌ಗೆ ಹೇಳಿಬಿಡಿ: ಮುಂದಿನ ಸಾಲು ನೀರಿಗೆ ಇಳಿಯುವವರೆಗೂ ದೂರ ಇರೋಣ, ದಾಟದಿದ್ದರೂ ನಿಮ್ಮ ಟಿಪ್ಸ್ ಕಡಿಮೆಯಾಗುವುದಿಲ್ಲ. ಅವರ ಮುಖದ ಬಿಗಿತ ಅಲ್ಲೇ ಸಡಿಲವಾಗುತ್ತದೆ, ನಾಲ್ಕು ದಿನ ಚೆನ್ನಾಗಿ ತೋರಿಸುತ್ತಾರೆ.

ಈ ವರ್ಷ ಲಸಿಕೆಯೋ ದುಡ್ಡೋ ಹೊಂದದಿದ್ದರೆ ಬೇಸಿಗೆ ರಜೆಯನ್ನು ಕಬಿನಿಗೆ ಕೊಡಿ. ಏಪ್ರಿಲ್‌ನಲ್ಲಿ ಹಿನ್ನೀರು ಇಳಿದು ಹೊರಬಿದ್ದ ನೆಲದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಬಂಡೀಪುರ, ನಾಗರಹೊಳೆಯ ಕಾಡು ಒಣಗಿದಾಗ ಆನೆಗಳು ಅಲ್ಲಿ ಬಂದು ಸೇರುತ್ತವೆ. 1974ರಲ್ಲಿ ಅಣೆಕಟ್ಟು ಮುಗಿದ ಮೇಲೆ ಹುಟ್ಟಿದ ಅಭ್ಯಾಸ ಅದು. ಸತ್ವ ಮತ್ತು ನೀರಿನ ಅದೇ ಲೆಕ್ಕವನ್ನು ಮಗಳಿಗೆ ಅಲ್ಲೇ ಪಾಠ ಮಾಡಬಹುದು, ಪಾಸ್‌ಪೋರ್ಟ್ ಬೇಕಿಲ್ಲ.

ಎಲ್ಲಿಗೆ ಹೋದರೂ ಬೈನಾಕ್ಯುಲರ್ ತಲೆಗೊಂದು ಇರಲಿ. ನಾಲ್ಕು ಜನಕ್ಕೆ ಒಂದೇ ಇದ್ದರೆ, ಮಗಳ ಕೈಯಿಂದ ಅತ್ತೆಯವರ ಕೈಗೆ ಬರುವಷ್ಟರಲ್ಲಿ ಚೀತಾ ಹುಲ್ಲೊಳಗೆ ಕೂತುಬಿಟ್ಟಿರುತ್ತದೆ.